ಸಡಿಲವಿದ್ದ ಎರಡು ಬೋಲ್ಟುಗಳು

ಮೊನ್ನೆ ಕುಂಭಾಶಿಯಲ್ಲಿ ಹೆದ್ದಾರಿ ದಾಟಲು ನಿಂತಿದ್ದೆ. ಎದುರಿಗೆ ತೆವಳಿಕೊಂಡು ಹೋದ ಲಾರಿಯೊಂದರ ಹೊಗೆ ಬೆಳ್ಳಗಿತ್ತು. ಇಂಜಿನ್ ತಂಪಾಗಿಡಲು ರೇಡಿಯೇಟರಿನ ನೀರಿಗೆ ಹಾಕುವ ಕೂಲೆಂಟ್ ಸುಟ್ಟ ಸಿಹಿ ವಾಸನೆ ಬೇರೆ. ನಿಮಗಾದರೆ ಮೂಗು ಮುಚ್ಚಿಕೊಂಡು ದಾಟಿಬಿಡುವಂಥ ಸಂಗತಿ. ಇಪ್ಪತ್ತೆಂಟು ವರ್ಷ ಲಾರಿ ಇಂಜಿನ್ ಬಿಚ್ಚಿ ಕಟ್ಟಿದ ನನಗೆ, ಅದರ ಹೆಡ್ ಗ್ಯಾಸ್ಕೆಟ್ ಹೋಗಿದೆ ಎನ್ನಲು ಅಷ್ಟೇ ಸಾಕು. ಶೀನಣ್ಣನ ನೆನಪಾಗಲೂ ಅಷ್ಟೇ ಸಾಕಾಯಿತು.

ಹೆಡ್ ಗ್ಯಾಸ್ಕೆಟ್ ಎಂದರೆ ಇಂಜಿನ್ನಿಗೂ ಅದರ ಮುಚ್ಚಳಕ್ಕೂ ನಡುವೆ ಕೂರುವ ತೆಳ್ಳಗಿನ ತಗಡು. ಒಳಗಿನ ಬೆಂಕಿ, ನೀರು, ಆಯಿಲ್ ಒಂದನ್ನೊಂದು ಮುಟ್ಟದಂತೆ ಕಾಯುವುದು ಅದರ ಕೆಲಸ. ಟರ್ಬೊ ಇರುವ ಇಂಜಿನ್ನಿನಲ್ಲಿ ಗಾಳಿಯನ್ನು ಒತ್ತಿ ತುಂಬುವುದರಿಂದ ಒತ್ತಡ ಇನ್ನೂ ಜಾಸ್ತಿ. ಹಾಗಾಗಿ ಮುಚ್ಚಳದ ಬೋಲ್ಟುಗಳನ್ನು ಟಾರ್ಕ್ ರೆಂಚ್ ಎಂಬ ಅಳತೆಯ ಪಾನಾದಿಂದಲೇ ಬಿಗಿಯಬೇಕು. ನನಗೆ ಆ ಪಾನಾದ ಮೇಲೆ ತಾತ್ಸಾರ. "ನನ್ ಕೈಯೇ ಅಳ್ತಿ" ಎಂದು ಕುಂದಾಪುರದ ನನ್ನ ಗ್ಯಾರೇಜಿಗೆ ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದೆ. ಹೇಳುವಾಗ ತೋಳು ಮಡಚಿ ತೋರಿಸುತ್ತಿದ್ದೆನೆಂದು ಹೆಂಡತಿ ಈಗಲೂ ನಗುತ್ತಾಳೆ.

ಶೀನಣ್ಣ ಬಾರ್ಕೂರಿನವರು, ನನಗಿಂತ ಹತ್ತು ವರ್ಷ ದೊಡ್ಡವರು. ಬಹಳ ವರ್ಷಗಳ ಹಿಂದೆ ಗೇರುಬೀಜದ ವ್ಯಾಪಾರಿ ಶೆಟ್ಟರ ಲಾರಿಗೆ ಡ್ರೈವರ್ ಆಗಿದ್ದರು. ಆ ಲಾರಿಯ ಗ್ಯಾಸ್ಕೆಟನ್ನು ನಾನು ಬದಲಿಸಿ ಆಗ ಎರಡು ತಿಂಗಳಷ್ಟೇ ಆಗಿತ್ತು. ಒಂದು ದಿನ ಲೋಡು ಹೊತ್ತು ಬಾಳೆಬರೆ ಘಾಟಿ ಹತ್ತುವಾಗ ಬಿಳಿ ಹೊಗೆ ಎದ್ದು, ಇಂಜಿನ್ ಕುದಿದು, ತಿರುವಿನಲ್ಲೇ ನಿಂತಿತು. ಹಿಂದಕ್ಕೆ ಜಾರದ ಹಾಗೆ ಹಿಡಿದು ನಿಲ್ಲಿಸಿದ್ದು ಶೀನಣ್ಣನ ಜಾಣತನ. ಲಾರಿಯನ್ನು ಎಳೆಸಿ ತಂದಾಗ ಜೊತೆಗೆ ಶೆಟ್ಟರೂ ಬಂದರು.

"ನೀರ್ ಕಾಣ್ದೆ ಓಡ್ಸಿದ್ದ್ ಅಲ್ದಾ, ಶೀನ?"

"ಇಲ್ಲೆ ಶೆಟ್ರೆ. ಘಾಟಿ ಕೆಳ್ಗೆ ಹೊಸಂಗಡಿಯಗೆ ನಿಲ್ಸಿ, ನೀರ್ ಕಂಡೇ ಹತ್ಸಿದ್ದ್."

"ಮೇಸ್ತ್ರಿ ಬಿಚ್ಚಿ ಕಾಣ್ಲಿ. ನಿನ್ ತಪ್ಪ್ ಹೌದಾರೆ, ನಾಳಿಂದ ನೀನ್ ನನ್ನ ಲಾರಿ ಹತ್ತುದ್ ಬ್ಯಾಡ."

ನೀರಿಲ್ಲದೆ ಇಂಜಿನ್ ಸುಟ್ಟವನು ಎಂಬ ಮಾತು ಹಬ್ಬಿದರೆ ಇಡೀ ತಾಲೂಕಿನಲ್ಲಿ ಯಾರೂ ಸ್ಟೇರಿಂಗ್ ಕೊಡುವುದಿಲ್ಲ. ಅದು ಮೂವರಿಗೂ ಗೊತ್ತಿತ್ತು.

ಬೋಲ್ಟು ಬಿಚ್ಚತೊಡಗಿದೆ. ಒಂದೊಂದೂ ಕಿರುಗುಟ್ಟಿಕೊಂಡು ಬಂತು. ನಡುವಿನ ಎರಡು ಮಾತ್ರ ಪಾನಾ ಇಟ್ಟದ್ದೇ ತಿರುಗಿದವು. ಅವನ್ನು ಬಿಗಿದದ್ದು ಇದೇ ಕೈ. ಮುಚ್ಚಳ ಎತ್ತಿದರೆ, ಗ್ಯಾಸ್ಕೆಟ್ ಸುಟ್ಟು ಕರ್ರಗಾದದ್ದು ಸರಿಯಾಗಿ ಅಲ್ಲೇ. ಮುಚ್ಚಳದ ಮೇಲೆ ಉಕ್ಕಿನ ಪಟ್ಟಿ ಇಟ್ಟು ನೋಡಿದೆ, ಎಲ್ಲೂ ಬಾಗಿರಲಿಲ್ಲ. ನೀರಿಲ್ಲದೆ ಓಡಿಸಿದ್ದರೆ ಬಾಗಲೇಬೇಕಿತ್ತು. ಇಷ್ಟನ್ನು ಓದಬಲ್ಲವನು ಅಲ್ಲಿ ನಾನೊಬ್ಬನೇ. ಅವರಿಬ್ಬರೂ ನನ್ನ ಮುಖ ನೋಡುತ್ತಿದ್ದರು.

ಬಟ್ಟೆ ತೆಗೆದುಕೊಂಡು, ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸಿದೆ.

"ಎಂತ ಆಯ್ತ್ ಮೇಸ್ತ್ರಿ?"

"ಬಿಸಿ ಆದ್ದ್ ಹೌದ್" ಎಂದೆ.

ಸುಳ್ಳಲ್ಲ, ನೋಡಿ. ಬಿಸಿ ಆಗಿತ್ತು. ಆದರೆ ಆ ಮಾತು ಹೇಗೆ ಕೇಳಿಸುತ್ತದೆಂದು ತಿಳಿದೇ ಆಡಿದೆ. ಶೆಟ್ಟರು ಶೀನಣ್ಣನ ಕಡೆ ತಿರುಗಿದರು. ಶೀನಣ್ಣ ನೆಲ ನೋಡುತ್ತ ನಿಂತಿದ್ದರು. ಅವರು ಜಗಳಕ್ಕೆ ನಿಂತಿದ್ದರೆ ನಾನು ಸುಮ್ಮನಿದ್ದುಬಿಡುತ್ತಿದ್ದೆನೋ ಏನೋ.

"ನೀರ್ ಕಂಡದ್ ನೆನಪಿತ್ತ್ ನಂಗೆ" ಎಂದರು, ತಮ್ಮಷ್ಟಕ್ಕೇ. "ಅದ್ ಮುಂಚಿನ ದಿನವೇನೋ. ಮರ್ತ್ ಹೋಯ್ತೇನೋ, ಶೆಟ್ರೆ."

ನನ್ನ ಒಂದು ಮಾತಿಗೆ ಅವರು ತಾವು ಕಣ್ಣಾರೆ ಕಂಡದ್ದನ್ನೇ ನಂಬದಾದರು.

"ಮರಿಲಿಲ್ಲೆ" ಎಂದೆ. "ಈ ಎರಡ್ ಬೋಲ್ಟ್ ಸಡ್ಲ ಇತ್ತ್. ಕಟ್ಟಿದ್ದ್ ನಾನ್. ಶೀನಣ್ಣಂದ್ ಎಂತದೂ ತಪ್ಪಿಲ್ಲೆ."

ಶೆಟ್ಟರು ಕೂಗಲಿಲ್ಲ. ಬೆಂಚಿನ ಮೇಲೆ ಕುಳಿತು, "ಕಟ್ಟ್. ನಾನ್ ಇಲ್ಲೇ ಕೂಕಂತೆ" ಎಂದರು.

ಬ್ರಹ್ಮಾವರದ ಗೆಳೆಯನಿಂದ ಟಾರ್ಕ್ ರೆಂಚ್ ತರಿಸಿದೆ. ಹೊಸ ಗ್ಯಾಸ್ಕೆಟ್, ಹೊಸ ಬೋಲ್ಟು. ಬಿಗಿಯುವ ಕ್ರಮವನ್ನು ಶೀನಣ್ಣ ಗ್ಯಾಸ್ಕೆಟಿನೊಂದಿಗೆ ಬಂದ ಕಾಗದ ನೋಡಿ ಓದಿದರು. ಮೂರು ಸುತ್ತು ಬಿಗಿದೆ. ಪ್ರತಿ ಸಲ ಅಳತೆ ಮುಟ್ಟಿ ಪಾನಾ ಟಕ್ ಎನ್ನುವವರೆಗೂ ನನ್ನ ಕೈಯ ಮೇಲೆ ನನಗೇ ನಂಬಿಕೆ ಇರಲಿಲ್ಲ.

ಮರುದಿನ ಅದೇ ಲೋಡಿನೊಂದಿಗೆ ಘಾಟಿ ಹತ್ತುವಾಗ ನಾನು ಪಕ್ಕದಲ್ಲಿ ಕುಳಿತಿದ್ದೆ. ಲಾರಿ ಕೆಟ್ಟು ನಿಂತಿದ್ದ ತಿರುವಿನಲ್ಲಿ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಒಂದು ಕೂದಲಿನಷ್ಟು ಮೇಲೇರಿತು. ಮುಳ್ಳು ಅಲ್ಲೇ ನಿಂತಿತು. ಘಾಟಿಯ ತುದಿ ಮುಟ್ಟಿದ ಮೇಲೆ ಶೀನಣ್ಣ ಲಾರಿ ಬದಿಗೆ ಹಾಕಿ, ರಸ್ತೆಯನ್ನೇ ನೋಡುತ್ತ ಕೇಳಿದರು:

"ಮರ್ತ್ ಹೋಯ್ತೇನೋ ಅಂತ ನಾನ್ ಹೇಳ್ದೆ ಇದ್ದಿರೆ, ನೀನ್ ಹೇಳ್ತಿದ್ಯಾ ಮೇಸ್ತ್ರಿ?"

ನಾನು ಬಗ್ಗಿ ಮತ್ತೆ ಆ ಮುಳ್ಳನ್ನೇ ನೋಡಿದೆ. ಅವರು ಉತ್ತರಕ್ಕೆ ಕಾಯದೆ ಗೇರು ಹಾಕಿದರು.

ಮೊನ್ನೆ ನಾನು ಹೆದ್ದಾರಿ ದಾಟಲಿಲ್ಲ. ಬ್ರಹ್ಮಾವರದ ಬಸ್ಸು ಹತ್ತಿದೆ, ಅಲ್ಲಿಂದ ಬಾರ್ಕೂರಿನ ಬಸ್ಸು. ಶೀನಣ್ಣ ಅಂಗಳದಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದರು. ಮುಪ್ಪು ಬಂದಿದೆ, ಕೈ ಮಾತ್ರ ಗಟ್ಟಿ.

"ಶೀನಣ್ಣ, ಅವತ್ತ್ ಘಾಟಿ ಮೇಲೆ ಒಂದ್ ಮಾತ್ ಕೇಂಡ್ರಿಯಲೆ" ಎಂದೆ, ನಿಂತುಕೊಂಡೇ. "ನಾನ್ ಹೇಳ್ತಿರ್ಲಿಲ್ಲೆ."

ಅವರು ಕಾಯಿಯನ್ನು ಕೆಳಗಿಟ್ಟರು.

"ಅದ್ ನಂಗ್ ಅವತ್ತೇ ಗೊತ್ತಿತ್ತ್" ಎಂದರು. "ಅದನ್ನ್ ನಿನ್ ಬಾಯಿಂದ್ಲೇ ಕೇಂಬುದ್ ಬೇಕಿತ್ತ್, ಅಷ್ಟೆ."

ಆಮೇಲೆ ಜಗಲಿಯ ಮೆಟ್ಟಿಲಿನಲ್ಲಿ ಸ್ವಲ್ಪ ಸರಿದು ಜಾಗ ಮಾಡಿದರು. "ಕೂಕೊ."