ಸಂಗೀತಾ ಬಿಟ್ಟ ಚೆಂಡು

ಎದುರಾಳಿಯ ಗೋಲಿನ ಮುಂದೆ ನಿಂತಳೆಂದರೆ ಸಂಗೀತಾಳಿಗೆ ತಾನುಂಟೋ ಮೂರು ಲೋಕವುಂಟೋ. ಚೆನ್ನೈನ ತಿರುವೊಟ್ಟಿಯೂರಿನ ಹೆಂಗಸರ ಫುಟ್‌ಬಾಲ್ ತಂಡದಲ್ಲಿ ಹತ್ತು ವರ್ಷದಿಂದ ಅವಳೇ ಸ್ಟ್ರೈಕರ್. ಹಿಂದೆ ಓಡಿ ಚೆಂಡು ಕಸಿದು ತರುವುದೆಲ್ಲ ಬೇರೆಯವರ ಪಾಡು. ಇವಳ ಕೆಲಸ ಕಾಯುವುದು, ಕಾಲಿಗೆ ಸಿಕ್ಕ ಚೆಂಡನ್ನು ಬಲೆಗೆ ದೂಡುವುದು.

ಅಪ್ಪ ಸೋಮಲಿಂಗಪ್ಪ ಹಾವೇರಿ ಕಡೆಯವರು, ಪ್ಯಾರೀಸ್ ಕಾರ್ನರಿನಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಸಗಟು ವ್ಯಾಪಾರಿ. ಮಗಳ ಪಂದ್ಯವಿದ್ದ ದಿನ ಅಂಗಡಿ ಮುಚ್ಚಿ, ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು ಮೈದಾನಕ್ಕೆ ಬರುವರು. ತಂಡ ಗೋಲು ಹೊಡೆದರಷ್ಟೇ ಡಬ್ಬಿ ತೆರೆಯುವುದು, ಮೊದಲ ಹೋಳಿಗೆ ಗೋಲು ಹೊಡೆದವಳಿಗೆ. ಇದು ಅವರ ಕಟ್ಟಳೆ. ಇಷ್ಟು ವರ್ಷ ಆ ಮೊದಲ ಹೋಳಿಗೆ ಮನೆಮಗಳ ಕೈ ದಾಟಿದ್ದೇ ಕಡಿಮೆ.

ಈ ವರ್ಷ ಗುಣವತಿ ಎಂಬ ಹೊಸ ಕೋಚ್ ಬಂದಳು. ಈಗಿನ ಆಟದ ಕಾಲವೇ ಬೇರೆಯಂತೆ: ಎಲ್ಲರೂ ಓಡಬೇಕು, ಎಲ್ಲರೂ ಕಸಿಯಬೇಕು, ನಿಂತು ಕಾಯುವವರಿಗೆ ಜಾಗವಿಲ್ಲ. ಮೂವತ್ತು ದಾಟಿದ ಸಂಗೀತಾಳ ಮೊಣಕಾಲು ಆ ಓಟಕ್ಕೆ ಒಗ್ಗಲಿಲ್ಲ. ಹುಡುಗಿಯರು ಆಡುವುದನ್ನು ಬೆಂಚಿನ ಮೇಲೆ ಕೂತು ನೋಡುತ್ತ ಅವಮಾನದಿಂದ ಬೆಂದುಹೋದಳು.

"ಪೋದುಂಪ್ಪಾ, ಸಾಕಾಗೈತಿ. ಬಿಟ್ಟಬಿಡ್ಲೇನು?" ಎಂದು ಅಪ್ಪನನ್ನು ಕೇಳಿದಳು.

"ಬಿಡಾಕಿ ಕೇಳಂಗಿಲ್ಲವ್ವಾ, ಬಿಟ್ಟಬಿಡ್ತಾಳ," ಎಂದರು ಸೋಮಲಿಂಗಪ್ಪ. "ನೀ ಕೇಳಾಕತ್ತಿ ಅಂದ್ರ ನಿನಗ ಮನಸಿಲ್ಲ."

ಮರುದಿನ ಸಂಗೀತಾ ನೇರ ಗುಣವತಿಯ ಮುಂದೆ ಹೋಗಿ ನಿಂತಳು. ಗುಣವತಿ ತಮಿಳಿನಲ್ಲಿ ಹೇಳಿದ್ದಿಷ್ಟು: "ಅಕ್ಕಾ, ನೀನು ಎಲ್ಲಿ ನಿಂತರೂ ಇಬ್ಬರು ಡಿಫೆಂಡರುಗಳು ಹೆದರಿ ನಿನಗೆ ಅಂಟಿಕೊಳ್ತಾರೆ. ಅವರನ್ನು ಅಲ್ಲೇ ಹಿಡಿದಿಟ್ಟು, ಚೆಂಡನ್ನು ಹಿಂದಿನವಳಿಗೆ ಬಿಟ್ಟುಕೊಡು. ಅದಾದರೆ ನಿನಗೆ ಜಾಗವಿದೆ."

ಚೆಂಡು ಬಿಡುವುದು! ಹಸಿದವನ ಮುಂದೆ ಎಲೆ ಹಾಕಿ ಉಣ್ಣಬೇಡ ಎಂದಂತಾಯಿತು. ಪ್ರಾಕ್ಟೀಸಿನಲ್ಲಿ ಪ್ರತಿ ಸಲವೂ ಅವಳ ಕಾಲು ತಾನಾಗಿಯೇ ಚಾಚಿತು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಹಾಗೆ. ಕೊನೆಗೆ ಗುಣವತಿ ಖಡಾಖಂಡಿತವಾಗಿ ಹೇಳಿದಳು: ಸೀಸನ್ನಿನ ಕೊನೆಯ ಪಂದ್ಯದಲ್ಲಿ ಆಡಿಸುತ್ತೇನೆ, ಅಲ್ಲೂ ಹೀಗೇ ಆದರೆ ಮುಂದಿನ ವರ್ಷ ತಂಡದಲ್ಲಿ ನೀನಿಲ್ಲ.

ಆ ಪಂದ್ಯ ಮುಗಿಯುತ್ತ ಬಂದರೂ ಎರಡೂ ಕಡೆ ಗೋಲಿಲ್ಲ. ಆಗ ಬಲಗಡೆಯಿಂದ ಒಂದು ಚೆಂಡು ಉರುಳಿ ಬಂತು, ನೇರ ಸಂಗೀತಾಳ ಕಾಲಿಗೆ. ಕಣ್ಣು ಮುಚ್ಚಿ ಹೊಡೆಯಬಹುದಾದ ಚೆಂಡು. ಇಬ್ಬರು ಡಿಫೆಂಡರುಗಳು ಅವಳ ಮೈಮೇಲೆಯೇ ಬಂದರು. ಸಂಗೀತಾ ಹೊಡೆಯುವವಳಂತೆ ಕಾಲೆತ್ತಿ, ಹಲ್ಲು ಕಚ್ಚಿ, ಚೆಂಡನ್ನು ಕಾಲುಗಳ ನಡುವೆ ಹೋಗಗೊಟ್ಟಳು. ಹಿಂದೆ ಮಾನ್ಯಾ ಎಂಬ ಹೊಸ ಹುಡುಗಿಯನ್ನು ತಡೆಯಲು ಯಾರೂ ಉಳಿದಿರಲಿಲ್ಲ. ಅವಳು ಗೋಲು ಹೊಡೆದಳು, ತಂಡ ಗೆದ್ದಿತು.

ಡಬ್ಬಿ ತೆರೆಯಿತು. ಮೊದಲ ಹೋಳಿಗೆ ಮಾನ್ಯಾಳಿಗೆ. ಗುಣವತಿ ತಾನೂ ಒಂದನ್ನು ತೆಗೆದುಕೊಂಡು, "ಅಕ್ಕಾ, ಮುಂದಿನ ಸೀಸನ್ನಿಗೆ ಮೊಣಕಾಲು ಡಾಕ್ಟರಿಗೆ ತೋರಿಸಿಕೊಂಡು ಬಾ," ಎಂದು ಹೋದಳು.

ಸೋಮಲಿಂಗಪ್ಪ ಮಗಳ ಹತ್ತಿರ ಬಂದರು. ಅವಳು ತಲೆ ತಗ್ಗಿಸಿ, "ನಾ ಹೊಡಿಲಿಲ್ಲಪ್ಪಾ," ಎಂದಳು.

"ಗೊತ್ತೈತಿ," ಎಂದು ಅವರು ಅವಳ ಕೈಯಲ್ಲಿ ಹೋಳಿಗೆ ಇಟ್ಟರು. "ಮಂದಿ ಎಲ್ಲಾ ಚೆಂಡು ನೋಡಿದ್ರವ್ವಾ. ನಾ ನಿನ್ನ ಕಾಲ ನೋಡಿದೆ."