ಬಾವಿಯಿಂದ ಎದ್ದು ಬಂದ ಕೊಲೆಗಾರ

ವಾರಪತ್ರಿಕೆಯ ಕೊನೆಯ ಪುಟದಲ್ಲಿ ಕೊಲೆ ಮಾಡಿಸುವುದೇ ಅವನ ಕಸುಬು. ಪತ್ತೇದಾರಿ ಧಾರಾವಾಹಿ ಬರೆದು ಬರೆದು ಬೀದಿಯವರಿಂದ ‘ಪತ್ತೇದಾರ’ ಎನ್ನಿಸಿಕೊಂಡಿದ್ದ. ಮನೆಯಲ್ಲಿ ಅವನ ಕನ್ನಡಕವನ್ನು ಮಾತ್ರ ಅಕ್ಕನೇ ಹುಡುಕಿಕೊಡಬೇಕಿತ್ತು.

ಕಥೆ ಶುರುಮಾಡುವಾಗ ಕೊಲೆಗಾರ ಯಾರೆಂದು ಅವನಿಗೆ ಗೊತ್ತಿರುತ್ತಿತ್ತು. ಆದರೆ ಓದುಗರಲ್ಲಿ ಯಾರಾದರೂ ಊಹಿಸಿಬಿಟ್ಟರೆ ಮಹಾಶಯನ ಮೈಯೆಲ್ಲ ಉರಿ. ಆ ಪಾತ್ರವನ್ನು ಬಿಟ್ಟು ಇನ್ಯಾರಿಗೋ ಕೋಳ ತೊಡಿಸುತ್ತಿದ್ದ. ಹಾಗಾಗಿ ಕೊನೆಯ ಕಂತಿನಲ್ಲಿ ಎಲ್ಲೂ ಇಲ್ಲದ ಅವಳಿ ತಮ್ಮಂದಿರು ದಂಡಿಯಾಗಿ ಉದುರುತ್ತಿದ್ದರು. ಅದಕ್ಕೆ ಅವನಿಟ್ಟ ಹೆಸರು ‘ಅನಿರೀಕ್ಷಿತ ತಿರುವು’. ‘ಮೋಸ’ ಎಂದಿಟ್ಟಿದ್ದರೆ ಸಾಕಿತ್ತು.

ಸಂಪಾದಕರಿಗೂ ಸಾಕಾಗಿತ್ತು. “ಈ ಸಲವೂ ಕೊನೆ ಕೆಡಿಸಿದ್ರೆ ಪುಟ ಪದಬಂಧಕ್ಕೆ ಹೋಗುತ್ತೆ, ನೋಡಿ,” ಎಂದು ಫೋನಿನಲ್ಲೇ ಹೇಳಿಬಿಟ್ಟರು.

ವಿಚಿತ್ರವೆಂದರೆ ಈ ಸಲದ ಕಥೆ ಚೆನ್ನಾಗಿತ್ತು. ಮುದುಕ ಯಜಮಾನನಿಗೆ ಹಾಲಿನಲ್ಲಿ ವಿಷ. ನೋಡಿಕೊಳ್ಳುವ ನರ್ಸು ಯಾರೂ ಹೇಳದಿದ್ದರೂ ಲೋಟ ತೊಳೆದಿಡುತ್ತಾಳೆ. ಯಜಮಾನನ ಮಗಳು ಅವಳನ್ನೇ ತಬ್ಬಿಕೊಂಡು ಅಳುತ್ತಾಳೆ. ಹೊಲಿಗೆ ಯಂತ್ರದ ಮುಂದೆ ಕೂತು ಓದುತ್ತಿದ್ದ ಅಕ್ಕ ತಲೆ ಎತ್ತಿ, “ನರ್ಸೇ ಕಣೋ ಕೊಂದಿದ್ದು. ಆ ಲೋಟ ನೋಡು,” ಎಂದಳು.

ಅಷ್ಟೇ ಸಾಕಾಯಿತು. ‘ಅಕ್ಕನಿಗೆ ತಿಳಿಯುವ ಕೊಲೆಯೂ ಒಂದು ಕೊಲೆಯೇ?’ ಎಂದುಕೊಂಡು ಅವನು ಬಾಗಿಲು ಹಾಕಿಕೊಂಡು ಕೊನೆಯ ಕಂತು ತಿದ್ದಿದ. ಯಾರೂ ಅನುಮಾನಿಸದ ಪಾತ್ರಕ್ಕಾಗಿ ತಡಕಾಡಿದಾಗ ಕಾರಿನ ಡ್ರೈವರ್ ಸಿಕ್ಕಿದ. ಯಾರೂ ಯಾಕೆ ಅನುಮಾನಿಸಲಿಲ್ಲವೆಂದು ಯೋಚಿಸುವಷ್ಟು ವ್ಯವಧಾನ ಆ ಬುದ್ಧಿವಂತನಿಗೆ ಇರಲಿಲ್ಲ. ಕಂತನ್ನು ಕಳಿಸಿ ಹಾಯಾಗಿ ಮಲಗಿದ.

ಅಚ್ಚಾದ ಮರುದಿನ ಸಂಪಾದಕರ ಫೋನು ಬಂತು.

“ಡ್ರೈವರ್ ನಾಲ್ಕನೇ ಕಂತಲ್ಲೇ ಬಾವಿಗೆ ಬಿದ್ದು ಸತ್ತಿದ್ನಲ್ಲ, ಸ್ವಾಮಿ? ನೀವೇ ಹೆಣ ಎತ್ತಿಸಿದ್ರಿ. ನಾನೂ ನೋಡದೆ ಅಚ್ಚಿಗೆ ಬಿಟ್ಟೆ, ನನ್ನ ಕರ್ಮ. ಮುಂದಿನ ವಾರದಿಂದ ಪದಬಂಧ.”

ಪುಟ ಹೋಯಿತು. ಅವನು ಫೋನಿಟ್ಟು, ಮುಖ ಇಳಿಬಿಟ್ಟುಕೊಂಡು ಅಕ್ಕನ ಮುಂದೆ ಬಂದು ನಿಂತ. ಅಷ್ಟಾದರೂ ಜಂಬ ಇಳಿದಿರಲಿಲ್ಲ.

“ಏನೇ ಆಗ್ಲಿ, ನಿನಗಂತೂ ಗೊತ್ತಾಗ್ಲಿಲ್ಲ ತಾನೆ?”

ಅಕ್ಕ ಯಂತ್ರ ನಿಲ್ಲಿಸಿದಳು. ಅವಳಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು.

“ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದಕ್ಕೇ ಕಣೋ ವಾರವಾರ ಕಾದಿದ್ದು. ಆ ಮಗಳು ನರ್ಸನ್ನೇ ನಂಬ್ಕೊಂಡಿದ್ಲಲ್ಲ, ಅವಳಿಗೆ ಗೊತ್ತಾಗೋ ದಿನ ಏನಾಗುತ್ತೆ ಅಂತ ಜೀವ ಕೈಯಲ್ಲಿ ಹಿಡ್ಕೊಂಡಿದ್ದೆ. ಅದನ್ನ ಬರೀಲೇ ಇಲ್ವಲ್ಲೋ ನೀನು.”

ಆ ದಿನವನ್ನು ಹೇಗೆ ಬರೆಯಬೇಕೆಂದು, ಬರೆಯತೊಡಗಿದ ಮೇಲೆ ಮೊದಲ ಬಾರಿಗೆ, ಅವನಿಗೆ ಸ್ಪಷ್ಟವಾಗಿ ತಿಳಿದಿತ್ತು. ಬರೆಯಲು ಪುಟವಿರಲಿಲ್ಲ.