ನೆಲ ನೋಡುವ ಅಳಿಯ

ನಮ್ಮ ಮನೆಯವರು ಎಲ್ಲಿಗೆ ಹೋಗಿ ಬಂದರೂ ಮರಳುವ ದಾರಿಯಲ್ಲಿ ಒಂದು ಪಂಚಾಯಿತಿ ಕೂಡುತ್ತದೆ. ಅಪ್ಪ ಇದ್ದಾಗ ಶುರುವಾದದ್ದು. ಗಾಡಿ ಹೊರಟು, ನೋಡಿದ ಊರು ಹಿಂದೆ ಬಿದ್ದ ಮೇಲೆ ಅವರು ಸೀಟಿನಲ್ಲಿ ತಿರುಗಿ ಕೂತು ಕೇಳುತ್ತಿದ್ದರು: "ಹೇಳ್ರಪಾ, ಹೋಗಿದ್ದು ಸಾರ್ಥಕ ಆತೋ ಇಲ್ಲೋ?" ಎಲ್ಲರೂ ಹೇಳಲೇಬೇಕು. ಚಲೋ ಇತ್ತು ಎಂದಷ್ಟೇ ಹೇಳಿ ನುಣುಚಿಕೊಳ್ಳುವಂತಿಲ್ಲ. ಅಪ್ಪ ಹೋಗಿ ಎಷ್ಟೋ ವರ್ಷಗಳಾದವು, ಪಂಚಾಯಿತಿ ಮಾತ್ರ ನಡೆದುಕೊಂಡು ಬಂದಿದೆ.

ಒಬ್ಬೊಬ್ಬರದು ಒಂದೊಂದು ತಕ್ಕಡಿ. ನನ್ನದು ಸರಳ: ಹೆಂಗಸರಿಗೆ ಹೋಗಲು ಒಂದು ಸ್ವಚ್ಛ ಜಾಗ ಇದೆಯೋ ಇಲ್ಲವೋ. ಇಲ್ಲದಿದ್ದರೆ ಅಲ್ಲಿ ಇಂದ್ರನ ಅರಮನೆಯೇ ಇದ್ದರೂ ನಾನು ಮೂಗು ಮುರಿಯುತ್ತೇನೆ. ಅಕ್ಕನದು ಬುತ್ತಿಯ ತಕ್ಕಡಿ. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಬಿಚ್ಚಿ ನೆರಳಲ್ಲಿ ಕೂತಾಗ ಯಾರೂ ಬಂದು ಎಬ್ಬಿಸದಿದ್ದರೆ ಅದು ಒಳ್ಳೆಯ ಜಾಗ. ಅವ್ವನದೇ ಬೇರೆ. "ಇನ್ನೊಬ್ಬರನ್ನ ಕರಕೊಂಡು ಬರಬೇಕು ಅನಸ್ತಂದ್ರ ಅದು ನೋಡೋ ಜಾಗ. ಇಲ್ಲಂದ್ರ ಸುಮ್ನ ತಿರುಗಾಟ" ಎನ್ನುತ್ತಿದ್ದಳು. ಹಾಗೆ ಅನಿಸಿದ್ದಕ್ಕೇ ಝರಾಸಂಗಮದ ಗುಡಿಗೆ ಜಹೀರಾಬಾದಿನ ನಮ್ಮ ಓಣಿಯ ಅರ್ಧ ಹೆಂಗಸರನ್ನು ಅವಳು ಕರೆದೊಯ್ದಿದ್ದಾಳೆ.

ಇನ್ನು ಭಾವ, ಅಕ್ಕನ ಗಂಡ. ತಾಂಡೂರಿನವರು, ಹಾಸುಗಲ್ಲಿನ ವ್ಯಾಪಾರ. ಆ ಕಲ್ಲಿಗೆ ನಮ್ಮ ಕಡೆ ಫರ್ಸಿ ಎನ್ನುತ್ತಾರೆ. ಅವರು ಎಲ್ಲಿಗೆ ಹೋದರೂ ನೋಡುವುದು ನೆಲವನ್ನೇ. ಹೈದರಾಬಾದಿನ ಒಂದು ಹಳೆಯ ಅರಮನೆಯಲ್ಲಿ ನಾವೆಲ್ಲ ಕತ್ತೆತ್ತಿ ಗಾಜಿನ ದೀಪಗಳನ್ನು ನೋಡುತ್ತಿದ್ದರೆ, ಅವರು ಬಗ್ಗಿ ಗಾಡಿಯ ಕೀಲಿಯಿಂದ ನೆಲ ತಟ್ಟಿ ಸದ್ದು ಕೇಳುತ್ತಿದ್ದರು. ಕಾವಲಿನವನು ಓಡಿ ಬಂದ. "ಕ್ಯಾ ಗಿರಾ ಸಾಬ್?" ಏನು ಬಿತ್ತು ಎಂದು ಕೇಳಿದವನು ಉತ್ತರಕ್ಕೂ ಕಾಯದೆ ತಾನೂ ಬಗ್ಗಿ ಹುಡುಕತೊಡಗಿದ. ಅವನನ್ನು ನೋಡಿ ಇನ್ನಿಬ್ಬರು ಪ್ರವಾಸಿಗರು ಬಗ್ಗಿದರು. ಅಕ್ಕ ನಾಚಿಕೆಯಿಂದ ಕಂಬದ ಮರೆಗೆ ಹೋದಳು. ಆ ಸಂಜೆ ಗಾಡಿಯಲ್ಲಿ, "ಕುಣಿಲಾರದಾಕಿ ನೆಲ ಡೊಂಕು ಅಂದಳಂತ. ನಿಮಗ ನೋಡಾಕ ಬರಾಂಗಿಲ್ಲ, ನೆಲ ಹಿಡಕೊಂಡು ಕುಂಡ್ರತೀರಿ" ಎಂದು ಗಂಡನನ್ನು ಝಾಡಿಸಿದಳು. ಭಾವ ಶಾಂತವಾಗಿ ಹೇಳಿದರು: "ಮ್ಯಾಲಿಂದು ಎಲ್ಲಾರೂ ನೋಡ್ತಾರ. ರಾಜಾ ಆದ್ರೂ ನಡದದ್ದು ಕೆಳಗ ಅಲ್ಲೇನು?"

ಅವ್ವನಿಗೂ ಈ ಅಳಿಯನಿಗೂ ನೇರ ಮಾತಿರಲಿಲ್ಲ. ಜಗಳವಲ್ಲ, ಮರ್ಯಾದೆ. ಅವ್ವ ನಾರಾಯಣಖೇಡದ ಹಳೆಯ ಮನೆತನದವಳು. ಅಳಿಯ ಬಂದರೆಂದರೆ ಸೆರಗು ತಲೆಯ ಮೇಲೆ ಏರುತ್ತಿತ್ತು. ಹೇಳುವುದನ್ನೆಲ್ಲ ಅಕ್ಕನಿಗೆ ಹೇಳಬೇಕು, ಅಕ್ಕ ಇಲ್ಲದಿದ್ದರೆ ಗೋಡೆಗೆ. ಭಾವ ಎದುರಿಗೇ ಕೂತು ಉಣ್ಣುತ್ತಿದ್ದರೂ "ಅವರಿಗೆ ಇನ್ನೊಂದು ರೊಟ್ಟಿ ಬೇಕೇನು ಕೇಳು" ಎನ್ನುತ್ತಿದ್ದಳು. ಭಾವನೂ ಕಡಿಮೆಯಿಲ್ಲ, "ಸಾಕಂತ ಹೇಳು" ಎನ್ನುತ್ತಿದ್ದರು. ಮದುವೆಯಾದಂದಿನಿಂದ ಇಬ್ಬರ ನಡುವೆ ಟಪಾಲು ಹಂಚಿ ಹಂಚಿ ಅಕ್ಕ ಬೇಸತ್ತಿದ್ದಳು.

ಹೋದ ವರ್ಷ ಮಳೆಗಾಲದಲ್ಲಿ ಅವ್ವ ಬಚ್ಚಲ ಬಾಗಿಲಲ್ಲಿ, ಒದ್ದೆ ನೆಲದ ಮೇಲೆ ಜಾರಿ ಬಿದ್ದಳು. ಸೊಂಟದ ಎಲುಬು ಮುರಿಯಿತು. ಆಪರೇಷನ್ ಆಯಿತು, ಎಲುಬು ಕೂಡಿತು, ಡಾಕ್ಟರು ಇನ್ನು ಧೈರ್ಯವಾಗಿ ನಡೆಯಿರಿ ಎಂದರು. ಅವ್ವ ನಡೆಯಲಿಲ್ಲ. ಮನೆಯೊಳಗೇ ಗೋಡೆ ಹಿಡಿದು, ಹೆಬ್ಬೆರಳಿನಿಂದ ನೆಲ ಮುಟ್ಟಿ ನೋಡಿ, ಆಮೇಲೆ ಹೆಜ್ಜೆ ಇಡುವಳು. ಹೊರಗೆ ಹೋಗೋಣ ಎಂದರೆ "ನೋಡಿದ್ದು ಸಾಕು ನನಗ" ಎನ್ನುವಳು.

ನಾವೆಲ್ಲ ಆಪಾ ಎಂದು ಕರೆಯುವ ಪಕ್ಕದ ಮನೆಯ ಮುಸ್ಲಿಂ ಹೆಂಗಸು ಅವ್ವನ ವಾರಿಗೆಯವಳು. ಮೊಣಕಾಲು ನೋವೆಂದು ಅವಳು ಮೊದಲೇ ಹೊರಗೆ ಹೋಗುವುದನ್ನು ಬಿಟ್ಟಿದ್ದಳು. ಇಬ್ಬರೂ ಕಂಪೌಂಡಿನ ಆಚೆ ಈಚೆ ಕುರ್ಚಿ ಹಾಕಿಕೊಂಡು, ಅರ್ಧ ಕನ್ನಡ ಅರ್ಧ ಉರ್ದುವಿನಲ್ಲಿ, ಮನೆಯಲ್ಲೇ ಇರುವುದು ಎಷ್ಟು ಸುಖ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಆ ಸಿಟ್ಟಿನ ಕೆಳಗೆ ಇದ್ದದ್ದು ಭಯ. ಊರೂರು ತಿರುಗಿದ ನನ್ನ ಅವ್ವ ಇನ್ನು ಈ ಕುರ್ಚಿಯಿಂದ ಏಳುವುದೇ ಇಲ್ಲವೇನೋ ಎಂಬ ಭಯ.

ಹೇಗೋ ಒಪ್ಪಿಸಿ ಒಮ್ಮೆ ಅನಂತಗಿರಿ ಗುಡ್ಡಕ್ಕೆ ಕರೆದೊಯ್ದೆವು. ಗಾಡಿಯ ಬಾಗಿಲು ತೆಗೆದಾಗ ಅವ್ವ ಒಂದು ಕಾಲು ಹೊರಗೆ ಚಾಚಿದಳು, ನೆಲ ನೋಡಿದಳು, ಕಾಲನ್ನು ಒಳಗೆ ಎಳೆದುಕೊಂಡಳು. "ನೀವು ನೋಡಿ ಬರ್ರಿ." ಅಷ್ಟೇ. "ದೂರದ ಬೆಟ್ಟ ನುಣ್ಣಗ ಅಂತಾರ, ಅವ್ವಗ ಕಾಲ ಕೆಳಗಿಂದೂ ನುಣ್ಣಗ ಕಾಣ್ತದ" ಎಂದು ಅಕ್ಕ ನನ್ನ ಕಿವಿಯಲ್ಲಿ ಹೇಳಿದಳು. ನಮಗೆ ನಗು ಬರಲಿಲ್ಲ. ಮರಳುವಾಗ ಮೊದಲ ಸಲ ಪಂಚಾಯಿತಿ ಕೂಡಲಿಲ್ಲ.

ಈ ಚಳಿಗಾಲದಲ್ಲಿ ನಾನು ಬೀದರ ಕೋಟೆಗೆ ಹೋಗೋಣವೆಂದು ಹಠ ಹಿಡಿದೆ. ಜಹೀರಾಬಾದಿನಿಂದ ಹತ್ತಿರ. ಗಡಿ ದಾಟಿದ್ದೂ ಗೊತ್ತಾಗುವುದಿಲ್ಲ, ಅಂಗಡಿಯ ಬೋರ್ಡುಗಳು ತೆಲುಗಿನಿಂದ ಕನ್ನಡಕ್ಕೆ ತಿರುಗಿದಾಗ ದಾಟಿದೆವೆಂದು ತಿಳಿಯಬೇಕು. ಹಿಂದಿನ ದಿನ ಫೋನಿನಲ್ಲಿ ಜನರ ಅಭಿಪ್ರಾಯ ಓದಿದೆ. ಹಳೆಯ ಗೋಡೆ ಬಿಟ್ಟರೆ ಏನೂ ಇಲ್ಲ ಎಂದು ಒಬ್ಬ ಮಹಾಶಯ ಬರೆದಿದ್ದ. ಇನ್ನೊಬ್ಬ ಐದಕ್ಕೆ ಐದು ನಕ್ಷತ್ರ ಕೊಟ್ಟು ತನ್ನದೇ ಮುಖದ ಫೋಟೋ ಹಾಕಿದ್ದ, ಕೋಟೆ ಅವನ ಕಿವಿಯ ಹಿಂದೆ ಎಲ್ಲೋ ಇತ್ತು. ಇಂಥವರನ್ನು ನಂಬಿದರೆ ಆಯಿತು ಕತೆ. ಅವ್ವ ಬರಲು ಒಪ್ಪಿದ್ದೂ ಕೋಟೆಯ ಆಸೆಗಲ್ಲ. ಅಳಿಯ ತಾಂಡೂರಿನಿಂದ ಗಾಡಿ ತಂದು ಬಾಗಿಲಲ್ಲಿ ನಿಲ್ಲಿಸಿದ ಮೇಲೆ ಬೇಡ ಎನ್ನುವುದು ಅವಳ ಮರ್ಯಾದೆಯಲ್ಲಿ ಇಲ್ಲ.

ಕೋಟೆಯೊಳಗೆ ಗಾಡಿಯ ಪಕ್ಕದಲ್ಲೇ ಒಂದು ಬೇವಿನ ಮರ, ಅದರ ಬುಡಕ್ಕೆ ಕಲ್ಲಿನ ಕಟ್ಟೆ. ಅವ್ವ ಅಷ್ಟು ದೂರ ನನ್ನ ತೋಳು ಹಿಡಿದು ಬಂದು, ಚಪ್ಪಲಿ ಕಳಚಿ, ಕಟ್ಟೆಯ ಮೇಲೆ ಕೂತಳು. "ನೀವು ನೋಡಿ ಬರ್ರಿ" ಎಂದಳು. ಅವಳ ಮುಂದೆಯೇ ಮೇಲಕ್ಕೆ ಹೋಗುವ ಅಗಲವಾದ ಕಲ್ಲಿನ ಮೆಟ್ಟಿಲುಗಳಿದ್ದವು. ಭಾವ ಆಗಲೇ ಮೊದಲ ಮೆಟ್ಟಿಲ ಮುಂದೆ ಕುಕ್ಕರುಗಾಲಲ್ಲಿ ಕೂತು ಕೀಲಿಯಿಂದ ತಟ್ಟುತ್ತಿದ್ದರು. ಮುಖ ಅರಳಿತ್ತು. "ನೀರಿನ ಬಾಟ್ಲಿ ಕೊಡು" ಎಂದು ಕೈ ಚಾಚಿದರು. ಬಾಯಾರಿಕೆ ಇರಬೇಕೆಂದು ಅಕ್ಕ ಕೊಟ್ಟಳು. ಅವರು ಮುಚ್ಚಳ ತೆಗೆದು ಅಷ್ಟೂ ನೀರನ್ನು ಮೆಟ್ಟಿಲ ಮೇಲೆ ಸುರಿದರು.

ತಾಂಡೂರಿನಲ್ಲಿ ಗಿರಾಕಿಗೆ ಕಲ್ಲು ತೋರಿಸುವುದೇ ಹಾಗೆ. ನೀರು ಬಿದ್ದರೆ ಧೂಳು ಹೋಗಿ ಕಲ್ಲಿನ ನಿಜವಾದ ಬಣ್ಣ ಕಾಣುತ್ತದೆ. ಭಾವನ ಕೈಗೆ ಅದು ರೂಢಿ. ತಾನು ತೋರಿಸುತ್ತಿರುವುದು ಯಾರಿಗೆ ಎಂಬುದನ್ನು ಮಾತ್ರ ಅವರು ಮರೆತಿದ್ದರು. ಅವ್ವ ಹೊಳೆಯುವ ಒದ್ದೆ ಕಲ್ಲನ್ನು ನೋಡಿದಳು. ಮುಖ ಬಿಳಿಚಿತು, ಎರಡೂ ಕೈ ಕಟ್ಟೆಯ ಅಂಚನ್ನು ಬಿಗಿಹಿಡಿದವು.

"ನೀರಾಗ ಜಾರಿ ಬಿದ್ದಾಕಿ ಮುಂದ ನೀರು ಸುರೀತೀರಲ್ರೀ! ಬುದ್ಧಿ ಅದ ಏನು ನಿಮಗ?" ಅಕ್ಕ ಎಲ್ಲರೆದುರು ಕೂಗಿದಳು. ಭಾವ ಖಾಲಿ ಬಾಟ್ಲಿ ಹಿಡಿದು ನಿಂತರು. ಇದೂ ಇನ್ನೊಂದು ಅನಂತಗಿರಿಯಾಯಿತು ಎಂದುಕೊಂಡೆ ನಾನು. ಅವರ ಮೇಲೆ ಕೆಟ್ಟ ಸಿಟ್ಟು ಬಂದಿತ್ತು.

ಭಾವ ಬೂಟು ಕಳಚಿದರು. ಬರಿಗಾಲಲ್ಲಿ ಒದ್ದೆ ಮೆಟ್ಟಿಲ ಮೇಲೆ ನಿಂತು ಅಕ್ಕನಿಗೆ ಹೇಳಿದರು: "ಇದು ಜಾರಾಂಗಿಲ್ಲ ಅಂತ ಅವರಿಗೆ ಹೇಳು. ಉಳಿ ಪೆಟ್ಟಿನ ಒರಟು ಕಲ್ಲು ಅದ, ಕಾಲು ಹಿಡೀತದ." ಅಕ್ಕ ಮುಖ ತಿರುಗಿಸಿದಳು. ಟಪಾಲು ನಿಂತುಹೋಗಿತ್ತು. ಬೇರೆ ದಾರಿ ಕಾಣದೆ ಭಾವ ಜಿಗಿದರು. ಐವತ್ತು ದಾಟಿದ, ಹೊಟ್ಟೆ ಬಂದ ಮನುಷ್ಯ, ಪ್ಯಾಂಟು ಮಡಚಿಕೊಂಡು ಒದ್ದೆ ಕಲ್ಲಿನ ಮೇಲೆ ದಪ್ ದಪ್ ಎಂದು ಜಿಗಿಯುತ್ತಿದ್ದರು. ಸಾಲದ್ದಕ್ಕೆ ಒಂಟಿಕಾಲಲ್ಲಿಯೂ ಶುರುಮಾಡಿದರು. ಕೋಟೆ ನೋಡಲು ಬಂದವರು ಕೋಟೆ ಬಿಟ್ಟು ಇವರನ್ನು ನೋಡಿದರು.

"ನಿಲ್ರಿ! ಬೀಳ್ತೀರಿ, ಸಾಕು ನಿಲ್ರಿ!"

ಅವ್ವನ ದನಿ. ಅವಳು ಎದ್ದದ್ದು ನನಗೆ ಕಾಣಲೇ ಇಲ್ಲ. ತಿರುಗಿ ನೋಡುವಷ್ಟರಲ್ಲಿ ಅವಳು ಅಳಿಯನ ಮುಂಗೈಯನ್ನು ಎರಡೂ ಕೈಯಿಂದ ಹಿಡಿದಿದ್ದಳು. ಸೆರಗು ಹೆಗಲಿಗೆ ಜಾರಿತ್ತು. ಬರಿಗಾಲುಗಳು ಒದ್ದೆ ಮೆಟ್ಟಿಲ ಮೇಲಿದ್ದವು. ಅವ್ವ ತಾನು ನಿಂತ ಜಾಗವನ್ನು ಆಗ ನೋಡಿಕೊಂಡಳು. ಹೆಬ್ಬೆರಳು ಒತ್ತಿದಳು, ಹಿಮ್ಮಡಿ ಒತ್ತಿದಳು.

"ಹೌದ್ರಿ," ಎಂದಳು ಅಳಿಯನಿಗೇ. "ಹಿಡೀತದ."

"ಹಿಡೀತದ್ರಿ ಅತ್ತಿ," ಎಂದರು ಭಾವ.

ಅವರಿಬ್ಬರ ನಡುವಿನ ಮೊದಲ ಮಾತುಕತೆ ಅದು, ಅದೂ ನೆಲದ ಬಗ್ಗೆ. ನನಗೆ ಅಳು ಬಂತು, ಮುಚ್ಚಿಡಲಿಲ್ಲ.

ಆಮೇಲೆ ಅವ್ವ ಅದೇ ಮುಂಗೈ ಹಿಡಿದು ಮೇಲೆ ಹೋದಳು. "ಅದು ಸವದದರಿ, ಇತ್ತ ಬರ್ರಿ" ಎಂದು ಭಾವ ಒಂದೊಂದೇ ಕಲ್ಲು ಆರಿಸಿ ಕೊಡುತ್ತಿದ್ದರು. ಅಲ್ಲಲ್ಲಿ ಕೂತು, ಎದ್ದು, ಕೆಳಗಿನ ಹೊಲಗಳು ಕಾಣುವ ಗೋಡೆಯವರೆಗೂ ಹೋದರು. ಇಳಿದು ಬಂದ ಮೇಲೆ ಅವ್ವ ನನ್ನನ್ನು ಕೇಳಿದಳು: "ಮ್ಯಾಲ ಏನೇನಿತ್ತು ಹೇಳು. ನಾವಿಬ್ರೂ ನೆಲಾನೇ ನೋಡಿದ್ವಿ."

ನೀರಿಲ್ಲದೆ ಬುತ್ತಿ ಉಂಡೆವು. ಶೇಂಗಾ ಹಿಂಡಿಯ ಖಾರಕ್ಕೆ ಎಲ್ಲರ ಕಣ್ಣಲ್ಲೂ ನೀರು. ಅಕ್ಕ ಗಂಡನನ್ನು ಪ್ರತಿ ತುತ್ತಿಗೂ ನೆನೆದಳು.

ಮರಳುವಾಗ, ಅನಂತಗಿರಿ ನೆನಪಾಗಿ, ಪಂಚಾಯಿತಿ ಕೂಡಿಸಲು ಯಾರಿಗೂ ಧೈರ್ಯವಾಗಲಿಲ್ಲ. ಊರು ಹಿಂದೆ ಬಿದ್ದ ಮೇಲೆ ಮುಂದಿನ ಸೀಟಿನಲ್ಲಿದ್ದ ಅವ್ವನೇ ತಿರುಗಿದಳು. "ಯಾಕ, ಇವತ್ತು ಯಾರೂ ಕೇಳಾಂಗಿಲ್ಲೇನು?"

ನನ್ನ ತಕ್ಕಡಿಯಲ್ಲಿ ಪಾಸು ಎಂದೆ ನಾನು. "ಜಾಗ ಚಲೋ ಅದ, ಕರಕೊಂಡು ಬಂದವರು ಚಲೋ ಇಲ್ಲ" ಎಂದಳು ಅಕ್ಕ, ಈ ಸಲ ನಗುತ್ತ. "ಕಲ್ಲು ನಮ್ಮ ತಾಂಡೂರಿಂದಲ್ಲ, ಆದ್ರೂ ಚಲೋ ಅದ" ಎಂದರು ಭಾವ. ಅವರ ಬಾಯಿಂದ ಇಷ್ಟು ಬಂದರೆ ಅದೇ ದೊಡ್ಡ ಬಿರುದು.

ಅವ್ವ ಹೊರಗಿನ ತೊಗರಿ ಹೊಲಗಳನ್ನು ನೋಡುತ್ತ ಹೇಳಿದಳು: "ಬರೋ ಐತವಾರ ಬಾಜು ಮನಿ ಆಪಾನ್ನ ಕರಕೊಂಡು ಬರಬೇಕು."

ಸೆರಗನ್ನು ಮತ್ತೆ ತಲೆಯ ಮೇಲೆ ಎಳೆದುಕೊಂಡಳು. ಆದರೆ ಮುಂದಿನ ಮಾತನ್ನು ಅಕ್ಕನಿಗೂ ಹೇಳಲಿಲ್ಲ, ಗೋಡೆಗೂ ಹೇಳಲಿಲ್ಲ. "ಅಳಿಯಂದ್ರ, ಆವಾಗ ಬಾಟ್ಲಿ ಎರಡು ತರ್ರಿ. ಒಂದು ಕುಡಿಯಾಕ, ಒಂದು ಕಲ್ಲಿಗೆ."